ಸೋತ ಮೇಲೆ ಆ್ಯಪ್ ನಿಮಗೆ ಏನು ಹೇಳುತ್ತೆ?

1/7

ಫೋಟೊದಲ್ಲಿ ಕಾಣ್ತಿರೋದು ನನ್ನ ಅಕೌಂಟ್ಸ್ ನೋಟ್‌ಬುಕ್ಕಿನ ಕೊನೇ ಹಾಳೆ. ಸ್ಕೇಲ್ ಇಟ್ಟು ಅಡ್ಡಕ್ಕೆ 9 ಗೆರೆ, ಉದ್ದಕ್ಕೆ 9 ಗೆರೆ ಎಳೆದಿದ್ದೀನಿ. ಕಪ್ಪು ಕಾಯಿ ಹುಣಸೆ ಬೀಜ. ಬಿಳಿ ಕಾಯಿ ಒಣಗಿದ ಅವರೆಕಾಳು. ಜಾಗ ಶಿರಾ ಗೇಟ್, ಟೀ ಅಂಗಡಿ ಮುಂದಿನ ಬೆಂಚು. ಆಟದ ಹೆಸರು ಗೋ.

ಹೋದ ವಾರ ಇದೇ ಆಟದ ಆ್ಯಪ್‌ನ ಸ್ಕ್ರೀನ್‌ಶಾಟ್ ಸ್ಟೋರಿಗೆ ಹಾಕಿದ್ದೆ. ಎರಡು ಥರ ಮೆಸೇಜ್ ಬಂತು. ಮನೆ ಕಡೆಯವರು ಕೇಳಿದ್ದು: "ಮತ್ತೆ ಶುರು ಹಚ್ಕೊಂಡ್ಯೇನೋ?" ಕ್ಲಾಸಿನವರು ಕೇಳಿದ್ದು: "ಮಗಾ, ಇದ್ರಲ್ಲಿ ದಿನಕ್ಕೆ ಎಷ್ಟು ಬರುತ್ತೆ?"

ಒಬ್ಬರಿಗೆ ಮೊಬೈಲಲ್ಲಿ ಆಡೋದೆಲ್ಲ ಜೂಜು. ಇನ್ನೊಬ್ಬರಿಗೆ ದುಡ್ಡು ಬರದಿದ್ರೆ ಅದು ಆಟಾನೇ ಅಲ್ಲ. ಇಬ್ಬರೂ ತಪ್ಪು ಅಂತ ಹೇಳೋಕೆ ಈ ಏಳು ಪೋಸ್ಟ್. ಉದ್ದ ಇದೆ. ಗುಬ್ಬಿಗೋ ಕುಣಿಗಲ್‌ಗೋ ಬಸ್ ಹತ್ತಿದಾಗ ಓದಿ, ಇಳಿಯೋಷ್ಟರಲ್ಲಿ ಮುಗಿಯುತ್ತೆ.

2/7

"ಮತ್ತೆ" ಅಂದ್ರಲ್ಲ, ಆ ಮಾತಿಗೆ ಕಾರಣ ಇದೆ. ಮೊದಲು ನನ್ನ ಲೆಕ್ಕ ಒಪ್ಪಿಸಿಬಿಡ್ತೀನಿ.

2025ರ ಮಾರ್ಚ್. ಎಕ್ಸಾಂ ಫೀಸು, ಪುಸ್ತಕ ಎಲ್ಲ ಸೇರಿ ಅಂತ ಅಮ್ಮ 3,400 ರೂಪಾಯಿ ಕೊಟ್ಟಿದ್ರು. ಸಂಘದಲ್ಲಿ ತೆಗೆದ ಸಾಲದ ದುಡ್ಡು. ಒಂದು ದುಡ್ಡಿನ ಲೂಡೊ ಆ್ಯಪ್‌ನಲ್ಲಿ ಹನ್ನೊಂದು ದಿನಕ್ಕೆ ಅಷ್ಟೂ ಹೋಯ್ತು. ಆ್ಯಪ್ ಹೆಸರು ಹೇಳಲ್ಲ, ಹೇಳಿದ್ರೆ ಅದೊಂದೇ ಕೆಟ್ಟದ್ದು ಅನ್ಕೊಂಡು ನೀವು ಪಕ್ಕದ್ದನ್ನ ಇನ್‌ಸ್ಟಾಲ್ ಮಾಡ್ಕೊಳ್ತೀರ.

ಬಿಕಾಂ ಓದೋನು ನಾನು. ಲೆಕ್ಕ ಗೊತ್ತಿರಬೇಕಿತ್ತು. ಸುಮ್ನೆ ನೋಡಿ: ಇಬ್ಬರು ತಲಾ 50 ರೂಪಾಯಿ ಹಾಕ್ತೀವಿ, ಒಟ್ಟು 100. ಗೆದ್ದವನಿಗೆ 88 ಸಿಗುತ್ತೆ, 12 ಆ್ಯಪ್‌ಗೆ. ನಾನು, ಎದುರಿನವನು ಸಮ ಸಮ ಆಟಗಾರರು ಅನ್ಕೊಳ್ಳಿ. 100 ಆಟಕ್ಕೆ ನಾನು ಹಾಕಿದ್ದು 5,000. ಅರ್ಧ ಗೆದ್ದೆ, ವಾಪಸ್ ಬಂದಿದ್ದು 4,400. ನನಗೆ 600 ನಷ್ಟ, ಅವನಿಗೂ 600 ನಷ್ಟ. ಗೆದ್ದೋರು ಯಾರು ಹಂಗಾದ್ರೆ? ಜೊತೆಗೆ 2023ರ ಅಕ್ಟೋಬರ್ 1ರಿಂದ ಹಾಕಿದ ದುಡ್ಡಿನ ಮೇಲೇ 28% ಜಿಎಸ್‌ಟಿ ಇತ್ತು. ಇದನ್ನ ನಾನು ಕ್ಲಾಸಲ್ಲಿ ಓದಿ ಬರೆದು ಮಾರ್ಕ್ಸ್ ತಗೊಂಡಿದ್ದೆ. ಅದೇ ದಿನ ರಾತ್ರಿ ಆಡಿದ್ದೆ.

ಅಮ್ಮನಿಗೆ ಸುಳ್ಳು ಹೇಳಿದೆ. ಎರಡು ತಿಂಗಳು ಸಂಜೆ ಹೊತ್ತು ಜೆರಾಕ್ಸ್ ಅಂಗಡೀಲಿ ನಿಂತು ತೀರಿಸಿದೆ. ಆಮೇಲೆ ನಿಜ ಹೇಳಿದೆ. ಆ ದಿನ ಅಮ್ಮ ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು.

3/7

"ಆದ್ರೆ ಅದು ಸ್ಕಿಲ್ ಗೇಮ್ ಅಲ್ವಾ?" ಇದು ನೀವು ಕೇಳೋ ಮೊದಲ ಪ್ರಶ್ನೆ. ನಾನೂ ಇದನ್ನೇ ಹೇಳ್ತಿದ್ದೆ.

ನಮ್ಮ ರಾಜ್ಯದಲ್ಲೇ ಈ ಜಗಳ ಕೋರ್ಟಿಗೆ ಹೋಗಿತ್ತು. 2021ರಲ್ಲಿ ಕರ್ನಾಟಕ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ದುಡ್ಡು ಕಟ್ಟಿ ಆಡೋ ಆನ್‌ಲೈನ್ ಆಟ ನಿಲ್ಲಿಸೋಕೆ ಹೋಯ್ತು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನ ರದ್ದು ಮಾಡ್ತು. ಕೌಶಲದ ಆಟ ಬೇರೆ, ಜೂಜು ಬೇರೆ ಅನ್ನೋದು ಅಲ್ಲಿ ನಡೆದ ವಾದ. ಆಮೇಲೆ 2025ರ ಆಗಸ್ಟ್ 21ರಂದು ಸಂಸತ್ತು ಆನ್‌ಲೈನ್ ಗೇಮಿಂಗ್ ಮಸೂದೆ ಪಾಸ್ ಮಾಡ್ತು, ಮಾರನೇ ದಿನ ರಾಷ್ಟ್ರಪತಿ ಅಂಕಿತ ಬಿತ್ತು. ಕೌಶಲವೋ ಅದೃಷ್ಟವೋ ಅನ್ನೋ ಪ್ರಶ್ನೇನೇ ಅದು ಪಕ್ಕಕ್ಕಿಟ್ಟಿತು. ದುಡ್ಡು ಕಟ್ಟಿ ದುಡ್ಡು ಗೆಲ್ಲೋ ಆಟ ಅಂದ್ರೆ ಬೇಡ, ಅಷ್ಟೇ. ಆಡಿಸೋನಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಆಡಿದ ನನ್ನಂಥವನಿಗೆ ಶಿಕ್ಷೆ ಇಲ್ಲ.

ಮನೆ ಕಡೆಯವರೇ, ನೀವೂ ಗಮನಿಸಿ: ಅದೇ ಕಾಯ್ದೆ ಇ-ಸ್ಪೋರ್ಟ್ಸನ್ನ, ಸುಮ್ನೆ ಆಡೋ ಆಟಗಳನ್ನ ಬೇರೆಯಾಗೇ ಇಟ್ಟಿದೆ. ಮೊಬೈಲಲ್ಲಿ ಆಡೋದೆಲ್ಲ ಒಂದೇ ಅಂತ ಸರ್ಕಾರವೂ ಹೇಳ್ತಿಲ್ಲ.

ಆದ್ರೆ ನನ್ನ ಪ್ರಕಾರ ಈ ಕಾನೂನಿನ ವ್ಯತ್ಯಾಸ ಸಾಲಲ್ಲ. ಕಾಯ್ದೆ ಬಂದ ಮೇಲೂ ಕಳ್ಳದಾರೀಲಿ ಲಿಂಕ್ ಕಳಿಸೋರು ಇದ್ದಾರೆ. ನಿಮಗೆ ನೀವೇ ಹಾಕ್ಕೊಳ್ಳೋ ಒಂದು ಪರೀಕ್ಷೆ ಬೇಕು. ಆಟ ಸೋತ ಐದು ಸೆಕೆಂಡಿಗೆ ಆ್ಯಪ್ ನಿಮಗೆ ಏನು ಹೇಳುತ್ತೆ? ಅದನ್ನ ನೋಡಿ.

ನನ್ನ ಲೂಡೊ ಆ್ಯಪ್ ಹೇಳ್ತಿದ್ದಿದ್ದು ಒಂದೇ ಮಾತು: "ಇನ್ನೊಂದ್ಸಲ ಆಡಿ." ಪಕ್ಕದಲ್ಲೇ ದುಡ್ಡು ಹಾಕೋ ಬಟನ್. ಯಾಕೆ ಸೋತೆ ಅಂತ ನೋಡೋಕೆ ಜಾಗಾನೇ ಇರ್ಲಿಲ್ಲ. ಸ್ಕಿಲ್ ಅಂತೀರಲ್ಲ, ಹಿಂದಿನ ಆಟ ತಿರುಗಿ ನೋಡೋಕೆ ಬಿಡದೇ ಇರೋ ಸ್ಕಿಲ್ ಯಾವುದು ಗುರೂ?

4/7

ಈಗ ಗೋ. ಬೆಂಗಳೂರಲ್ಲಿ ಓದ್ತಿರೋ ಫ್ರೆಂಡ್ ಒಬ್ಬ ಹೇಳ್ಕೊಟ್ಟ.

ನಿಯಮ ಎರಡು ನಿಮಿಷದ್ದು. ಗೆರೆ ಸೇರೋ ಜಾಗದಲ್ಲಿ ಕಾಯಿ ಇಡಬೇಕು, ಇಟ್ಟ ಕಾಯಿ ಸರಿಸೋ ಹಾಗಿಲ್ಲ. ಕಾಯಿ ಪಕ್ಕ ಇರೋ ಖಾಲಿ ಜಾಗ ಅದರ ಉಸಿರು. ಚೀನೀ ಭಾಷೇಲೂ ಇದಕ್ಕೆ ಬಳಸೋ ಪದದ ಅರ್ಥ ಉಸಿರು ಅಂತಲೇ. ನಡುವಲ್ಲಿ ಇಟ್ಟ ಒಂಟಿ ಕಾಯಿಗೆ 4 ಉಸಿರು, ಅಂಚಲ್ಲಿ 3, ಮೂಲೇಲಿ 2. ಎಲ್ಲ ಉಸಿರೂ ಎದುರಾಳಿ ಮುಚ್ಚಿದ್ರೆ ಕಾಯಿ ಹೋಯ್ತು. ಒಂದು ಗುಂಪಿನ ಒಳಗೆ ಎರಡು ಬೇರೆ ಬೇರೆ ಖಾಲಿ ಜಾಗ ಉಳಿಸ್ಕೊಂಡ್ರೆ, ಅದಕ್ಕೆ ಎರಡು ಕಣ್ಣು ಅಂತಾರೆ, ಆ ಗುಂಪು ಸಾಯಲ್ಲ. ಕೊನೆಗೆ ಯಾರ ಜಾಗ ಜಾಸ್ತಿ ಅವರು ಗೆದ್ರು. ಕಲಿಯೋರಿಗೆ 9 ಗೆರೆ ಸಾಕು, 81 ಜಾಗ. ಪೂರ್ತಿ ಮಣೇಲಿ 19 ಗೆರೆ, 361 ಜಾಗ.

2016ರ ಮಾರ್ಚ್‌ನಲ್ಲಿ ಸೋಲ್ ಊರಲ್ಲಿ ಆಲ್ಫಾಗೋ ಅನ್ನೋ ಪ್ರೋಗ್ರಾಂ ಲೀ ಸೆಡೋಲ್‌ನ 4-1ರಿಂದ ಸೋಲಿಸಿದ್ದು ಇದೇ ಆಟದಲ್ಲಿ. ಆತ ಮೊದಲ ಮೂರು ಸೋತು ನಾಲ್ಕನೇದು ಗೆದ್ದ. ಅವತ್ತು ಆ ಮಟ್ಟದ ಪ್ರೋಗ್ರಾಂ ದೊಡ್ಡ ಕಂಪನಿ ಹತ್ರ ಮಾತ್ರ ಇತ್ತು. ಈಗ ಕಟಾಗೋ ಅನ್ನೋದು ಎಲ್ಲರಿಗೂ ಪುಕ್ಕಟೆ, ಕೋಡ್ ಸಮೇತ.

ನಾನು ಆಡೋದು ಆನ್‌ಲೈನ್ ಗೋ ಸರ್ವರ್‌ನಲ್ಲಿ. ಬ್ರೌಸರ್‌ನಲ್ಲೇ ತೆರೆಯುತ್ತೆ, ಆಡೋಕೆ ದುಡ್ಡಿಲ್ಲ. ಮೊದಲ ಆಟ ಹೀನಾಯವಾಗಿ ಸೋತೆ. ಸೋತ ಐದು ಸೆಕೆಂಡಿಗೆ ಏನಾಯ್ತು ಗೊತ್ತಾ? ಇಡೀ ಆಟ ಅಲ್ಲೇ ಇತ್ತು. ಮೊದಲ ಕಾಯಿಯಿಂದ ಹಿಂದೆ ಮುಂದೆ ಓಡಿಸಿ ನೋಡಬಹುದು. ಬೇರೆ ಕಡೆ ಇಟ್ಟಿದ್ರೆ ಏನಾಗ್ತಿತ್ತು ಅಂತ ಇಟ್ಟು ನೋಡಬಹುದು. ದೊಡ್ಡ ತಪ್ಪು ಎಲ್ಲಾಯ್ತು ಅಂತ ಎಐ ತೋರಿಸುತ್ತೆ. ಎದುರಾಳಿ ಯಾರೋ ಗೊತ್ತಿಲ್ಲ, ಚಾಟ್‌ನಲ್ಲಿ "ಮೂಲೆ ಮೊದಲು ಹಿಡಿ" ಅಂತ ಬರೆದು ಹೋದ.

ಬಡುಕ್‌ಪಾಪ್ ಥರ ಹೆಸರು ಹುಡುಕ್ತಾ ಇನ್ನೂ ಹತ್ತು ಡೌನ್‌ಲೋಡ್ ಮಾಡ್ಬೇಡಿ. ಒಂದು ಆಡೋಕೆ, ಒಂದು ಲೆಕ್ಕ ಬಿಡಿಸೋಕೆ ಇದ್ರೆ ಸಾಕು. ಈ ಗುಂಪು ಬದುಕುತ್ತಾ ಸಾಯುತ್ತಾ ಅನ್ನೋ ಥರದ ಲೆಕ್ಕಕ್ಕೆ ಸುಮೆಗೋ ಅಂತಾರೆ.

5/7

ಹಂಗಂತ ಗೋ ಆ್ಯಪ್‌ಗಳನ್ನ ಪೂಜೆ ಮಾಡ್ತಾ ಇಲ್ಲ. ಅವುಗಳ ಮೇಲೂ ದೂರು ಇದೆ.

ಒಂದು. ಲೆಕ್ಕ ಬಿಡಿಸೋ ಆ್ಯಪ್‌ನಲ್ಲಿ ನಾನು ಇಪ್ಪತ್ತು ದಿನ ಬಿಡದೇ ಸ್ಟ್ರೀಕ್ ಕಾಯ್ದೆ. ತಪ್ಪು ಒತ್ತಿದ್ರೆ ಕೆಂಪು, ಸರಿ ಒತ್ತಿದ್ರೆ ಹಸಿರು. ಆಮೇಲೆ ಗೊತ್ತಾಯ್ತು, ನಾನು ಯೋಚನೆ ಮಾಡ್ತಾನೇ ಇಲ್ಲ. ಹಸಿರು ಬರೋವರೆಗೂ ಒಂದೊಂದೇ ಜಾಗ ಒತ್ತಾ ಇದ್ದೀನಿ. ಲೂಡೊ ದಾಳ ಒತ್ತಿದ ಬೆರಳೇ ಅದು. ಈಗ ಹಾಳೇಲಿ ಬರ್ಕೊಂಡು, ಪೂರ್ತಿ ಉತ್ತರ ತಲೇಲಿ ಮೂಡೋವರೆಗೂ ಫೋನ್ ಮುಟ್ಟಲ್ಲ. ದಿನಕ್ಕೆ ಮೂರೇ ಲೆಕ್ಕ.

ಎರಡು. ಎಐ ತಪ್ಪು ತೋರಿಸುತ್ತೆ, ಕಾರಣ ಹೇಳಲ್ಲ. "ಇಲ್ಲಿ ಇಡಬೇಕಿತ್ತು" ಅಂತ ಒಂದು ಚುಕ್ಕಿ. ನಾನು ತಲೆ ಆಡಿಸ್ತೀನಿ, ಮುಂದಿನ ಆಟದಲ್ಲಿ ಅದೇ ತಪ್ಪು. ಗೈಡ್ ನೋಡಿ ಸಮ್ ಕಾಪಿ ಮಾಡಿದ ಹಾಗೆ. ಬ್ಯಾಲೆನ್ಸ್ ಶೀಟ್ ಟ್ಯಾಲಿ ಆಗುತ್ತೆ, ಪರೀಕ್ಷೇಲಿ ಆಗಲ್ಲ.

ಮೂರು. ನಾನು ನೋಡಿದ ಒಂದು ಗೋ ಆ್ಯಪ್‌ನಲ್ಲೂ ಪಾಠ ಕನ್ನಡದಲ್ಲಿ ಸಿಗ್ಲಿಲ್ಲ. ದುಡ್ಡಿನ ಆಟದ ಜಾಹೀರಾತು ಮಾತ್ರ ನನಗೆ ಅಚ್ಚ ಕನ್ನಡದಲ್ಲಿ ಬಂದಿತ್ತು. ನಮ್ಮ ಜೇಬಿಗೆ ಕೈ ಹಾಕೋರು ನಮ್ಮ ಭಾಷೆ ಕಲಿತ್ರು. ನಮಗೆ ಆಟ ಕಲಿಸೋರು ಇನ್ನೂ ಕಲಿತಿಲ್ಲ. ಅದಕ್ಕೆ ಅವರನ್ನ ಬೈದು ಏನು ಪ್ರಯೋಜನ? ಉಸಿರು, ಕಣ್ಣು, ಏಣಿ ಅಂತ ಬರೆದು ಕೊಡಬೇಕಾದವರು ನಾವೇ.

6/7

ಹಬ್ಬಕ್ಕೆ ಅಜ್ಜಿ ಮನೆಗೆ ಹೋಗಿದ್ದೆ. ಗುಬ್ಬಿ ತಾಲ್ಲೂಕಿನ ಹಳ್ಳಿ. ಜಗಲಿ ಮೇಲೆ ಈ ಹಾಳೆ ಹಾಸ್ಕೊಂಡು ಕೂತಿದ್ದೆ. ಅಜ್ಜಿ ಬಂದು ನೋಡಿದ್ರು. "ಇದೇನೋ, ಹುಲಿ ಕಟ್ಟೋ ಆಟ ಇದ್ದಂಗೈತೆ?"

ಇಲ್ಲ ಅಜ್ಜಿ, ಇದು ಚೀನಾದ್ದು ಅಂದೆ. "ಯಾವ ದೇಶದ್ದಾದ್ರೆ ಏನು, ಸುತ್ಕೊಂಡು ಕಟ್ಟೋದು ತಾನೇ" ಅಂತ ಹೇಳಿ ಸೀಮೆಸುಣ್ಣದಲ್ಲಿ ಹುಲಿ-ಕುರಿ ಆಟದ ಮನೆ ಬರೆದ್ರು. 3 ಹುಲಿ, 15 ಕುರಿ. ಹುಲಿ ಕುರಿ ಮೇಲೆ ಹಾರಿ ತಿನ್ನುತ್ತೆ. ಕುರಿಗಳು ಹುಲಿ ಅಲ್ಲಾಡದ ಹಾಗೆ ಕಟ್ಟಿಹಾಕಿದ್ರೆ ಗೆದ್ದವು. ನಾನು ಹುಲಿ ತಗೊಂಡೆ. ಹದಿನೈದು ನಿಮಿಷಕ್ಕೆ ಮೂರೂ ಹುಲಿ ಕಟ್ಟಿ ಕೂರಿಸಿದ್ರು.

ನಾನು ಕಾಯಿ ಬಾಚೋಕೆ ಹೋದೆ. "ಇರು" ಅಂದು ಕಾಯಿಗಳನ್ನ ಹಿಂದೆ ಹಿಂದೆ ಇಟ್ಟು ಒಂದು ಕಡೆ ನಿಲ್ಲಿಸಿದ್ರು. "ಇಲ್ನೋಡು. ಒಂದು ಕುರಿ ಸಿಕ್ತು ಅಂತ ಆಸೆಗೆ ಹಾರ್ದೆ. ಮೂಲೇಲಿ ಸಿಕ್ಕೊಂಡೆ. ನಾ ಬೇಕೂಂತ ಬಿಟ್ಟಿದ್ದು ಆ ಕುರಿ."

3,400 ರೂಪಾಯಿ ವಿಷಯ ಅಜ್ಜಿಗೆ ಗೊತ್ತಿಲ್ಲ.

ಮೈಸೂರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಶ್ರೀತತ್ತ್ವನಿಧಿಯ ಕೊನೇ ಭಾಗವಾದ ಕೌತುಕನಿಧಿಯನ್ನ ಆಟಗಳಿಗೇ ಇಟ್ಟಿದ್ರು. ಅದೇ ಮೈಸೂರಿನ ರಾಮ್ಸನ್ಸ್ ಕಲಾ ಪ್ರತಿಷ್ಠಾನದವರು ಚೌಕಾಬಾರ, ಅಳಿಗುಳಿ ಮನೆ, ಪಗಡೆ ಎಲ್ಲ ಹೊಸದಾಗಿ ಮಾಡಿಸಿ ಪ್ರದರ್ಶನ ಇಡ್ತಾರೆ. ಒಳ್ಳೇದು. ಆದ್ರೆ "ನಮ್ಮ ಹತ್ರ ಎಲ್ಲಾ ಇತ್ತು" ಅಂತ ರೀಲ್ಸ್ ಮಾಡೋ ನಮಗೆ ನಾಚಿಕೆ ಆಗಬೇಕು. ಇತ್ತು ಸರಿ. ಕೊನೇ ಸಲ ಯಾವಾಗ ಆಡಿದ್ರಿ? ಗೋಡೆಗೆ ನೇತು ಹಾಕಿದ ಅಳಿಗುಳಿ ಮಣೆ ಶೋಕೇಸ್ ಸಾಮಾನು. ಆಡಿ, ಸೋತು, ಎಲ್ಲಿ ತಪ್ಪಿದೆ ಅಂತ ಕೇಳಿದ್ರೆ ಮಾತ್ರ ಅದು ಆಟ.

7/7

ಈಗ ಕೇಳ್ಕೊಳ್ಳೋದು ಇಷ್ಟೇ.

ಅಪ್ಪ ಅಮ್ಮಂದಿರೇ, ಮಗನ ಕೈಯಿಂದ ಫೋನ್ ಕಿತ್ಕೋಬೇಡಿ. ಪಕ್ಕ ಕೂತು "ಸೋತ ಮೇಲೆ ಇದು ಏನು ಹೇಳುತ್ತೆ, ತೋರಿಸು" ಅನ್ನಿ. ಅವನು ತೋರಿಸೋಕೆ ಹಿಂಜರಿದ್ರೆ ನಿಮಗೆ ಉತ್ತರ ಸಿಕ್ತು. ಬೈಯೋಕ್ಕಿಂತ ಮುಂಚೆ ಎಷ್ಟು ಹೋಗಿದೆ ಅಂತ ಕೇಳಿ.

ಇನ್ನೂ ಕಳ್ಳ ಲಿಂಕಲ್ಲಿ ಆಡ್ತಿರೋ ಗೆಳೆಯರೇ, ಹೋದ ದುಡ್ಡು ವಾಪಸ್ ಗೆಲ್ತೀನಿ ಅನ್ನೋದನ್ನ ಬಿಡಿ. ನನ್ನ ಹನ್ನೊಂದು ದಿನದಲ್ಲಿ ಏಳು ದಿನ ಆಡಿದ್ದು ವಾಪಸ್ ಗೆಲ್ಲೋಕೇ. ಮನೇಲಿ ಹೇಳೋಕೆ ಭಯ ಆದ್ರೆ ನನಗೆ ಡಿಎಂ ಮಾಡಿ. ಜೊತೇಲಿ ಬಂದು ಹೇಳ್ತೀನಿ. ನಾನು ಒಂದ್ಸಲ ಹೇಳಿದ್ದೀನಿ, ಅಭ್ಯಾಸ ಇದೆ.

ಬಿಸಿಎ, ಇಂಜಿನಿಯರಿಂಗ್ ಓದೋ ತುಮಕೂರಿನ ಬುದ್ಧಿವಂತರೇ, ಫೈನಲ್ ಇಯರ್ ಪ್ರಾಜೆಕ್ಟ್‌ಗೆ ಪ್ರತಿ ಸಲ ಲೈಬ್ರರಿ ಮ್ಯಾನೇಜ್‌ಮೆಂಟ್ ಸಿಸ್ಟಮ್ ಮಾಡಿದ್ದು ಸಾಕು. ಹುಲಿ-ಕುರಿ ಆಟದ ಒಂದು ಕನ್ನಡ ಆ್ಯಪ್ ಮಾಡಿ. ಆಟ ಮುಗಿದ ಮೇಲೆ ಹಿಂದಕ್ಕೆ ಓಡಿಸಿ ನೋಡೋಕೆ ಬರಲಿ. "ಮೂರು ನಡೇಲಿ ಹುಲಿ ಕಟ್ಟಿ" ಅಂತ ಲೆಕ್ಕಗಳಿರಲಿ. ಲೆಕ್ಕ ಕೊಡೋಕೆ ನನ್ನ ಅಜ್ಜಿ ರೆಡಿ. ಖರ್ಚು ವೆಚ್ಚದ ಪಟ್ಟಿ ನಾನು ಬರೀತೀನಿ.

ಭಾನುವಾರ ಸಂಜೆ 4 ಗಂಟೆಗೆ ಇದೇ ಬೆಂಚಲ್ಲಿ ಇರ್ತೀನಿ. ಹಾಳೆ, ಬೀಜ, ಕಾಳು ನನ್ನದು. ಟೀ ದುಡ್ಡು ಅವರವರದ್ದು, ಸೋತವರು ಕೊಡಬೇಕು ಅಂತೇನಿಲ್ಲ. ಸೋತವರು ಮಾಡಬೇಕಾದ್ದು ಒಂದೇ: ಎದ್ದು ಹೋಗೋಕೆ ಮುಂಚೆ ಎಲ್ಲಿ ತಪ್ಪಾಯ್ತು ಅಂತ ಗೆದ್ದವರ ಹತ್ರ ಕೇಳಬೇಕು.

ಸೇವ್ ಮಾಡ್ಕೊಳ್ಳಿ. ಲೂಡೊ ದುಡ್ಡು ಹಾಕ್ತಿರೋ ನಿಮ್ಮ ಫ್ರೆಂಡ್‌ಗೆ ಕಳಿಸಿ, ಗ್ರೂಪ್‌ಗೆ ಬೇಡ, ಅವನೊಬ್ಬನಿಗೇ ಕಳಿಸಿ.

#ಶಿರಾಗೇಟ್ #ತುಮಕೂರು #ಗೋಆಟ #ಹುಲಿಕುರಿಆಟ #ಸೋತಮೇಲೆಏನು