ಪತ್ತೇದಾರಿ ಬರೆದರೆ ಬ್ಯಾನ್ವಿಲ್ ಕೆಟ್ಟರೇ?

ಬೂಕರ್ ಪಡೆದ ಮರುವರ್ಷವೇ ಕೊಲೆ ಕಥೆಗೆ ಇಳಿದವರು ಎಂದು ಐರ್ಲೆಂಡಿನ ಜಾನ್ ಬ್ಯಾನ್ವಿಲ್ ಅವರನ್ನು ದೂರುವವರು ಇನ್ನೂ ಇದ್ದಾರೆ. 2005ರಲ್ಲಿ ‘ದಿ ಸೀ’ಗೆ ಬಹುಮಾನ, 2006ರಲ್ಲಿ ಬೆಂಜಮಿನ್ ಬ್ಲ್ಯಾಕ್ ಹೆಸರಿನಲ್ಲಿ ‘ಕ್ರಿಸ್ಟೀನ್ ಫಾಲ್ಸ್’. ಸರಿ, ಇಳಿದದ್ದು ಎಲ್ಲಿಂದ? 1989ರ ‘ದಿ ಬುಕ್ ಆಫ್ ಎವಿಡೆನ್ಸ್’ ಕೂಡ ಚಿತ್ರ ಕದಿಯಲು ಹೋಗಿ ಮನೆಗೆಲಸದ ಹುಡುಗಿಯನ್ನು ಕೊಂದವನ ತಪ್ಪೊಪ್ಪಿಗೆಯೇ. 1982ರಲ್ಲಿ ಐರ್ಲೆಂಡನ್ನು ನಡುಗಿಸಿದ ನಿಜ ಕೊಲೆಯ ಎಳೆ ಅದರಲ್ಲಿದೆ. ಅದು ಬೂಕರ್ ಅಂತಿಮ ಪಟ್ಟಿಗೂ ಬಂದಿತ್ತು. ಅದನ್ನು ಸಾಹಿತ್ಯವೆಂದು ಒಪ್ಪಿದವರು ಇದಕ್ಕೇಕೆ ಮೂಗು ಮುರಿಯಬೇಕು?

ಹೆಸರು ಮರೆಸಿ ಓದುಗರನ್ನು ವಂಚಿಸಿದರು ಎಂಬ ಮಾತಿಗೆ ಹೆಚ್ಚು ಉತ್ತರ ಬೇಡ. ಬ್ಲ್ಯಾಕ್ ಯಾರೆಂಬುದು ಗುಟ್ಟಾಗಿರಲೇ ಇಲ್ಲ. 2020ರ ‘ಸ್ನೋ’ ಹೊತ್ತಿಗೆ ಆ ಹೆಸರನ್ನೂ ಬಿಟ್ಟು, ಪತ್ತೇದಾರಿ ಕಾದಂಬರಿಗೆ ತಮ್ಮ ಹೆಸರನ್ನೇ ಹಾಕಿದರು.

ಇವು ಬರೀ ಹೊತ್ತು ಕಳೆಯುವ ಪುಸ್ತಕಗಳು ಎಂಬ ತಕರಾರು ಮಾತ್ರ ಗಂಭೀರವಾದದ್ದು. ‘ಕ್ರಿಸ್ಟೀನ್ ಫಾಲ್ಸ್’ ನಡೆಯುವುದು 1950ರ ದಶಕದ ಡಬ್ಲಿನ್‌ನಲ್ಲಿ. ಶವಪರೀಕ್ಷೆ ಮಾಡುವ ವೈದ್ಯ ಕ್ವರ್ಕ್ ಕುಡಿದ ಅಮಲಿನಲ್ಲಿ ಶವಾಗಾರಕ್ಕೆ ಬಂದರೆ, ಒಟ್ಟಿಗೆ ಬೆಳೆದ ಮ್ಯಾಲಕಿ ಅಲ್ಲಿ ಕೂತು ಸತ್ತ ಹುಡುಗಿಯೊಬ್ಬಳ ಕಡತ ತಿದ್ದುತ್ತಿದ್ದಾನೆ. ಅವಳು ಸತ್ತದ್ದು ಹೆರಿಗೆಯಲ್ಲಿ. ಕಾಗದದ ಮೇಲೆ ಬೇರೆ ಕಾರಣ. ಮಗು ಕಡಲು ದಾಟಿ ಬಾಸ್ಟನ್‌ಗೆ ಹೋಗಿದೆ. ಇದು ಕಟ್ಟುಕತೆಯಷ್ಟೇ ಅಲ್ಲ. ಮದುವೆಯಾಗದ ತಾಯಂದಿರ ಸುಮಾರು 2,000 ಮಕ್ಕಳನ್ನು ಆ ಕಾಲದ ಐರ್ಲೆಂಡ್ ಅಮೆರಿಕದ ಕ್ಯಾಥೊಲಿಕ್ ಮನೆಗಳಿಗೆ ದತ್ತು ಕಳಿಸಿತ್ತು. ಕ್ವರ್ಕ್ ಸ್ವತಃ ಚರ್ಚಿನವರು ನಡೆಸುತ್ತಿದ್ದ ಅನಾಥರ ಶಾಲೆಯಲ್ಲಿ ಏಟು ತಿಂದು ಬೆಳೆದವನು. ಅಂಥ ಶಾಲೆಗಳ ಕ್ರೌರ್ಯವನ್ನು ದಾಖಲಿಸಿದ ರಯಾನ್ ವರದಿ ಹೊರಬಿದ್ದದ್ದು 2009ರಲ್ಲಿ, ಕಾದಂಬರಿ ಬಂದು ಮೂರು ವರ್ಷದ ಮೇಲೆ.

ಒಗಟು ಸಪ್ಪೆ, ಅಪರಾಧಿ ಬೇಗ ಗೊತ್ತಾಗುತ್ತಾನೆ ಎನ್ನುತ್ತಾರೆ. ಹೌದು, ಗೊತ್ತಾಗುತ್ತಾನೆ! ಜಾಡು ಹಿಡಿದು ಹೋದರೆ ಅದು ಕ್ವರ್ಕ್‌ನನ್ನು ಸಾಕಿದ ಮನೆಯ ಬಾಗಿಲಿಗೇ ಬಂದು ನಿಲ್ಲುತ್ತದೆ. ಗೊತ್ತಾದ ಮೇಲೂ ಚರ್ಚು, ಕೋರ್ಟು, ಹಣ ಒಂದಾಗಿ ಅದನ್ನು ಹೇಗೆ ಮುಚ್ಚುತ್ತವೆ ಎಂಬುದೇ ಇಲ್ಲಿಯ ಕಥೆ.

ಬ್ಲ್ಯಾಕ್ ಬರೀ ಕಸುಬುದಾರ ಎಂದು ಬ್ಯಾನ್ವಿಲ್ಲರೇ ಹೇಳಿಕೊಂಡಿದ್ದಾರಲ್ಲ ಎಂಬುದು ಕೊನೆಯ ಅಸ್ತ್ರ. ಆದರೆ ಈ ದಾರಿಗೆ ಅವರನ್ನು ಎಳೆದದ್ದು ಪತ್ತೇದಾರಿ ಕಾದಂಬರಿಕಾರ ಜಾರ್ಜ್ ಸಿಮೆನಾನ್. ಅವನನ್ನು ದೊಡ್ಡ ಕಲಾವಿದನೆಂದು ಮೆಚ್ಚುವವರೂ ಇವರೇ. ತಮ್ಮ ಬಗ್ಗೆ ಲೇಖಕರು ಕೊಡುವ ತೀರ್ಪನ್ನು ನಾವೇಕೆ ಶಿರಸಾವಹಿಸಬೇಕು? ಹಾಗೆಂದು ಚಾಂಡ್ಲರ್‌ನ ಪತ್ತೇದಾರ ಮಾರ್ಲೋನನ್ನು ಎರವಲು ತಂದು ಬರೆದ ‘ದಿ ಬ್ಲ್ಯಾಕ್ ಐಡ್ ಬ್ಲಾಂಡ್’ ಪರವಾಗಿ ನಾನು ವಾದಿಸುವುದಿಲ್ಲ. ‘ಕ್ರಿಸ್ಟೀನ್ ಫಾಲ್ಸ್’ ಮಾತ್ರ ‘ದಿ ಸೀ’ ಪಕ್ಕದಲ್ಲೇ ಇಡಬೇಕಾದ ಪುಸ್ತಕ.