ದಣಿವರಿಯದ ಪರೀಕ್ಷಕ

ಅನ್ನ ಬೆಂದಿದೆಯೋ ಇಲ್ಲವೋ ಎಂದು ತಿಳಿಯಲು ಗೃಹಿಣಿಯು ಪಾತ್ರೆಯಲ್ಲಿರುವ ಅಗುಳನ್ನೆಲ್ಲ ಹಿಚುಕಿ ನೋಡುವುದಿಲ್ಲ. ಒಂದೇ ಅಗುಳು ಸಾಕು. ಹಿಂದಿನ ಪಂಡಿತರು ಇದನ್ನು ಸ್ಥಾಲೀಪುಲಾಕ ನ್ಯಾಯವೆಂದು ಕರೆದರು. ಆದರೆ ಕಂಪ್ಯೂಟರಿನ ತೆರೆಯ ಮೇಲೆ ಮೂಡುವ ಜಾಲಪುಟಗಳಿಗೆ ಈ ನ್ಯಾಯವು ಸಲ್ಲುವುದಿಲ್ಲ. ರೈಲಿನ ಟಿಕೆಟ್ಟು ಕಾದಿರಿಸುವ ಪುಟದಲ್ಲಿ ಊರಿನ ಹೆಸರು ಸರಿಯಾಗಿ ಮೂಡಿತೆಂದ ಮಾತ್ರಕ್ಕೆ ಹಣ ಸಲ್ಲಿಸುವ ಗುಂಡಿಯೂ ಸರಿಯಾಗಿರುವುದೆಂದು ಹೇಳಲಾಗದು. ನಿನ್ನೆ ಸರಿಯಾಗಿದ್ದುದು ಇಂದು ಕೆಟ್ಟಿರಬಹುದು. ಒಂದು ಮೂಲೆಯಲ್ಲಿ ಮಾಡಿದ ತಿದ್ದುಪಡಿ ಇನ್ನೊಂದು ಮೂಲೆಯನ್ನು ಕೆಡಿಸಿರಬಹುದು. ಪ್ರತಿಯೊಂದು ಅಗುಳನ್ನೂ ಮತ್ತೆ ಮತ್ತೆ ಹಿಚುಕಿ ನೋಡಿದಲ್ಲದೆ ನಿಶ್ಚಿಂತೆಯಿಲ್ಲ.

ಈ ಬೇಸರದ ಕೆಲಸವನ್ನು ಮನುಷ್ಯನೇ ಮಾಡಬೇಕಾದರೆ ಆತನ ಕಣ್ಣು ಸೋಲುತ್ತದೆ, ಮನಸ್ಸು ಎಲ್ಲಿಯೋ ಹಾರುತ್ತದೆ. ಆದುದರಿಂದ ಯಂತ್ರವನ್ನು ಪರೀಕ್ಷಿಸಲು ಯಂತ್ರವನ್ನೇ ನೇಮಿಸುವ ಪದ್ಧತಿಯು ಬಳಕೆಗೆ ಬಂದಿತು. ೨೦೦೪ರಲ್ಲಿ ಅಮೆರಿಕದ ಷಿಕಾಗೋ ನಗರದ ಥಾಟ್‌ವರ್ಕ್ಸ್ ಸಂಸ್ಥೆಯಲ್ಲಿ ಜೇಸನ್ ಹಗಿನ್ಸ್ ಎಂಬ ತಂತ್ರಜ್ಞರು, ತಮ್ಮ ಕಚೇರಿಯ ವೇಳೆ ಹಾಗೂ ಖರ್ಚುವೆಚ್ಚಗಳ ಲೆಕ್ಕವಿಡುವ ಪುಟಗಳನ್ನು ಪರೀಕ್ಷಿಸುವ ಸಲುವಾಗಿ ಒಂದು ಸಾಧನವನ್ನು ರಚಿಸಿದರು. ಅದರ ಹೆಸರು ಸೆಲೆನಿಯಮ್. ಆ ಕಾಲದಲ್ಲಿ ಇಂಥದೇ ಸಾಧನಗಳನ್ನು ಮಾರುತ್ತಿದ್ದ ದೊಡ್ಡ ಕಂಪೆನಿಯೊಂದರ ಹೆಸರು ಮರ್ಕ್ಯುರಿ, ಅಂದರೆ ಪಾದರಸ. ಪಾದರಸದ ವಿಷಕ್ಕೆ ಸೆಲೆನಿಯಮ್ಮೇ ಮದ್ದು ಎಂಬ ವಿನೋದದಿಂದ ಈ ಹೆಸರು ಹುಟ್ಟಿತು. ಮುಂದೆ ಸೈಮನ್ ಸ್ಟೂವರ್ಟ್ ಎಂಬವರು ರಚಿಸಿದ ವೆಬ್‌ಡ್ರೈವರ್ ಎಂಬ ಸಾಧನವು ೨೦೧೧ರಲ್ಲಿ ಸೆಲೆನಿಯಮ್ಮಿನ ಎರಡನೆಯ ಆವೃತ್ತಿಯೊಡನೆ ಒಂದಾಯಿತು. ೨೦೧೮ರಲ್ಲಿ ವೆಬ್‌ಡ್ರೈವರಿನ ಕ್ರಮಕ್ಕೆ ವಿಶ್ವವ್ಯಾಪಿ ಜಾಲದ ಮಾನಕಗಳನ್ನು ನಿರ್ಣಯಿಸುವ ಮಂಡಲಿಯ ಮನ್ನಣೆಯೂ ದೊರೆಯಿತು. ೨೦೨೦ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ಪ್ಲೇರೈಟ್ ಎಂಬ ಮತ್ತೊಂದು ಸಾಧನವನ್ನು ಹೊರತಂದಿತು. ಈ ವಿದ್ಯೆಗೆ ಕನ್ನಡನಾಡಿನ ನಂಟೂ ಇಲ್ಲದಿಲ್ಲ. ಸೆಲೆನಿಯಮ್ ಬಳಸುವವರ ಅಂತರರಾಷ್ಟ್ರೀಯ ಸಮ್ಮೇಳನವು ೨೦೧೪, ೨೦೧೬ ಮತ್ತು ೨೦೧೮ರಲ್ಲಿ ಬೆಂಗಳೂರಿನಲ್ಲಿಯೇ ಜರುಗಿತು.

ಈ ಪರೀಕ್ಷಕನ ಕಾರ್ಯವಿಧಾನ ಸರಳವಾದುದು. ಆತನು ಮನುಷ್ಯನಂತೆಯೇ ಬ್ರೌಸರನ್ನು ತೆರೆಯುತ್ತಾನೆ, ಹೆಸರು ಬರೆಯುತ್ತಾನೆ, ಗುಂಡಿಯನ್ನೊತ್ತುತ್ತಾನೆ, ಬಂದ ಉತ್ತರವನ್ನು ಓದುತ್ತಾನೆ. ಸರಿಯಾಗಿದ್ದರೆ ಹಸಿರು ಗುರುತು, ತಪ್ಪಿದ್ದರೆ ಕೆಂಪು ಗುರುತು. ರಾತ್ರಿ ಎರಡು ಗಂಟೆಗೆ ಎಬ್ಬಿಸಿದರೂ ಗೊಣಗುವುದಿಲ್ಲ. ಇಂತಹ ಸೇವಕನು ದೊರೆತ ಮೇಲೆ ಚಿಂತೆಯೇಕೆ ಎಂದು ವಾಚಕರು ಕೇಳಬಹುದು. ಚಿಂತೆ ಇರುವುದು ಆತನನ್ನು ನೇಮಿಸುವುದರಲ್ಲಿ ಅಲ್ಲ, ಸಾಕುವುದರಲ್ಲಿ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳಬಹುದು. ವಿದ್ಯಾರ್ಥಿಗಳಿಂದ ಪರೀಕ್ಷಾ ಶುಲ್ಕವನ್ನು ಸ್ವೀಕರಿಸುವ ಒಂದು ಜಾಲತಾಣವಿದೆ ಎಂದಿಟ್ಟುಕೊಂಡರೆ, ಅದಕ್ಕಾಗಿ ಬರೆದ ಪರೀಕ್ಷೆಗಳು ಅರುವತ್ತು. ಅರುವತ್ತೂ ಆರಂಭವಾಗುವುದು ಒಳಪ್ರವೇಶದ ಪುಟದಿಂದ; ಅರುವತ್ತರಲ್ಲಿಯೂ ಆ ಪುಟದ ಗುಂಡಿಯ ಗುರುತನ್ನು ಬೇರೆಬೇರೆಯಾಗಿ ಬರೆದಿಡಲಾಗಿದೆ. ಒಂದು ದಿನ ಚಿತ್ರಕಾರನು ಪುಟದ ಅಂದವನ್ನು ತಿದ್ದುವಾಗ ಆ ಗುಂಡಿಯನ್ನು ಬಲಕ್ಕೆ ಸರಿಸಿ ಅದರ ಗುರುತನ್ನು ಬದಲಾಯಿಸುತ್ತಾನೆ. ಜಾಲತಾಣಕ್ಕೆ ಯಾವ ಕೇಡೂ ಆಗಿಲ್ಲ. ವಿದ್ಯಾರ್ಥಿಗಳು ಎಂದಿನಂತೆ ಒಳಗೆ ಹೋಗುತ್ತಿದ್ದಾರೆ. ಆದರೆ ಮರುದಿನ ಬೆಳಿಗ್ಗೆ ಅರುವತ್ತು ಪರೀಕ್ಷೆಗಳೂ ಕೆಂಪಾಗಿ ನಿಂತಿರುತ್ತವೆ! ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ತಂತ್ರಜ್ಞನು ಒಂದು ದಿನವೆಲ್ಲ ಕುಳಿತು ಅರುವತ್ತು ಕಡೆ ತೇಪೆ ಹಾಕುತ್ತಾನೆ. ಮುಂದಿನ ತಿಂಗಳು ಮತ್ತೊಂದು ಬದಲಾವಣೆ, ಮತ್ತೆ ತೇಪೆ. ಕಡೆಗೆ, ಕೆಂಪು ಗುರುತು ಕಂಡರೆ “ಅದರ ಹಣೆಬರಹವೇ ಅಷ್ಟು” ಎಂದು ಮುಂದೆ ಸಾಗುವ ಅಭ್ಯಾಸ ಬೆಳೆಯುತ್ತದೆ. ಅನರ್ಥಕ್ಕೆ ಕಾರಣವಾಗುವುದು ಈ ಅಭ್ಯಾಸವೇ. ತೋಳ ಬಂತು ತೋಳ ಎಂದು ಸುಳ್ಳೇ ಕೂಗಿದ ಹುಡುಗನ ಕಥೆಯನ್ನು ಕೇಳದವರಿಲ್ಲ. ನಿಜವಾದ ತೋಳ ಬಂದ ದಿನ, ಎಂದರೆ ಶುಲ್ಕದ ಹಣ ಜಮೆಯಾಗದೆ ಗಾಳಿಯಲ್ಲಿ ತೂಗಾಡುವ ದಿನ, ಯಂತ್ರವು ಎಷ್ಟೇ ಕೂಗಿಕೊಂಡರೂ ಎದ್ದು ನೋಡುವವರಿರುವುದಿಲ್ಲ. ಆ ದಿನವು ಶುಲ್ಕ ಕಟ್ಟುವ ಕೊನೆಯ ದಿನವಾಗಿದ್ದರೆ, ನಷ್ಟವು ತಂತ್ರಜ್ಞನದಲ್ಲ. ಯಾವುದೋ ಊರಿನಲ್ಲಿ ತೆರೆಯ ಮುಂದೆ ಕೈಕಟ್ಟಿ ಕುಳಿತ ವಿದ್ಯಾರ್ಥಿಯದು.

ಈ ಅನರ್ಥವನ್ನು ತಡೆಯಲು ಅನುಭವಸ್ಥರು ಕೆಲವು ವಿನ್ಯಾಸ ಮಾದರಿಗಳನ್ನು ರೂಪಿಸಿದ್ದಾರೆ. ಮಾದರಿ ಎಂಬ ಈ ಕಲ್ಪನೆಯು ಬಂದುದು ವಾಸ್ತುಶಿಲ್ಪದಿಂದ. ಕ್ರಿಸ್ಟಫರ್ ಅಲೆಗ್ಸಾಂಡರ್ ಎಂಬ ಶಿಲ್ಪಿಯು ತನ್ನ ಸಂಗಡಿಗರೊಡನೆ ೧೯೭೭ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಕಟ್ಟಡಗಳಲ್ಲಿ ಮತ್ತೆ ಮತ್ತೆ ತಲೆದೋರುವ ತೊಡಕುಗಳನ್ನೂ ಅವುಗಳಿಗೆ ಒಪ್ಪುವ ಪರಿಹಾರಗಳನ್ನೂ ಜೋಡಿಸಿ ವಿವರಿಸಿದನು. ೧೯೯೪ರಲ್ಲಿ ನಾಲ್ವರು ವಿದ್ವಾಂಸರು ಈ ಕಲ್ಪನೆಯನ್ನು ಕಂಪ್ಯೂಟರಿನ ಕ್ರಮಲೇಖನಕ್ಕೆ ಅಳವಡಿಸಿ ಬರೆದ ಪುಸ್ತಕವು ಲೋಕಪ್ರಸಿದ್ಧವಾಯಿತು. ಜಾಲಪುಟಗಳ ಪರೀಕ್ಷೆಗೂ ಇಂತಹ ಮಾದರಿಗಳುಂಟು.

ಅವುಗಳಲ್ಲಿ ಹಿರಿಯದು ಪೇಜ್ ಆಬ್ಜೆಕ್ಟ್. ಕನ್ನಡದಲ್ಲಿ ಪುಟದ ಪ್ರತಿನಿಧಿ ಎನ್ನಬಹುದು. ಇದರ ತತ್ತ್ವವು ಅಡಿಗೆಮನೆಯನ್ನು ಬಲ್ಲವರಿಗೆ ಹೊಸದಲ್ಲ. ಸಾರಿನ ವಿಧಾನವನ್ನು ಹೇಳಿಕೊಡುವಾಗ “ಒಗ್ಗರಣೆಗೆ ಸಾಸಿವೆ ಹಾಕು” ಎನ್ನುತ್ತಾರೆಯೇ ಹೊರತು, “ಎರಡನೆಯ ಹಲಗೆಯ ಮೂರನೆಯ ಡಬ್ಬಿಗೆ ಕೈಹಾಕು” ಎನ್ನುವುದಿಲ್ಲ. ಡಬ್ಬಿ ಎಲ್ಲಿದೆ ಎಂಬುದು ಮನೆಯ ಯಜಮಾನಿಗೆ ಗೊತ್ತು. ಹಲಗೆಯನ್ನು ಬದಲಾಯಿಸಿದರೂ ಸಾರಿನ ವಿಧಾನ ಬದಲಾಗುವುದಿಲ್ಲ. ಅಂತೆಯೇ ಪ್ರತಿಯೊಂದು ಪುಟಕ್ಕೂ ಒಬ್ಬ ಪ್ರತಿನಿಧಿಯನ್ನು ನೇಮಿಸಿ, ಆ ಪುಟದ ಗುಂಡಿ, ಪೆಟ್ಟಿಗೆ, ಪಟ್ಟಿಗಳ ಗುರುತುಗಳನ್ನೆಲ್ಲ ಆತನೊಬ್ಬನ ವಶಕ್ಕೆ ಕೊಡಬೇಕು. ಪರೀಕ್ಷೆಯು “ಒಳಗೆ ಪ್ರವೇಶಿಸು”, “ಶುಲ್ಕವನ್ನು ಸಲ್ಲಿಸು” ಎಂದಷ್ಟೇ ಆಜ್ಞಾಪಿಸಬೇಕು. ಆಗ ಗುಂಡಿಯು ಬಲಕ್ಕೆ ಸರಿದರೆ ತಿದ್ದಬೇಕಾದುದು ಅರುವತ್ತು ಕಡೆ ಅಲ್ಲ, ಒಂದೇ ಕಡೆ. ಈ ಮಾದರಿಯು ಸೆಲೆನಿಯಮ್ ಬಳಸುವವರಲ್ಲಿ ರೂಢಿಯಾಗಿತ್ತು. ೨೦೧೩ರಲ್ಲಿ ಮಾರ್ಟಿನ್ ಫೌಲರ್ ಎಂಬ ಖ್ಯಾತ ಲೇಖಕರು ಇದನ್ನು ವಿಶದವಾಗಿ ನಿರೂಪಿಸಿದರು.

ಪ್ರತಿನಿಧಿಯು ತೀರ್ಪನ್ನೂ ಕೊಡಬಹುದೇ ಎಂಬ ವಿಷಯದಲ್ಲಿ ಬಲ್ಲವರಲ್ಲಿ ಭಿನ್ನಾಭಿಪ್ರಾಯವಿದೆ. ಕೊಡಬಾರದೆಂಬುದೇ ಫೌಲರರ ಒಲವು. ಸಾಕ್ಷಿಯು ಕಂಡುದನ್ನು ಹೇಳಬೇಕು. ನ್ಯಾಯ ನಿರ್ಣಯಿಸುವುದು ನ್ಯಾಯಾಧೀಶನ ಕೆಲಸ. ಪುಟದ ಪ್ರತಿನಿಧಿ “ಐನೂರು ರೂಪಾಯಿ ಸಂದಿದೆ ಎಂದು ಬರೆದಿದೆ” ಎಂದು ವರದಿ ಮಾಡಲಿ. ಅದು ಸರಿಯೋ ತಪ್ಪೋ ಎಂಬುದನ್ನು ಪರೀಕ್ಷೆಯು ನಿಶ್ಚಯಿಸಲಿ. ಹೀಗೆ ವಿಂಗಡಿಸಿದರೆ ಒಬ್ಬನೇ ಪ್ರತಿನಿಧಿಯು ಹತ್ತಾರು ಪರೀಕ್ಷೆಗಳಿಗೆ ಒದಗುತ್ತಾನೆ.

ಎರಡನೆಯ ಸೂತ್ರವು ವಿಳಾಸಕ್ಕೆ ಸಂಬಂಧಿಸಿದುದು. “ಅರಳಿಮರದಿಂದ ಎಡಕ್ಕೆ ತಿರುಗಿ ಮೂರನೆಯ ಹಳದಿ ಮನೆ” ಎಂದು ವಿಳಾಸ ಬರೆದರೆ, ಮಧ್ಯೆ ಇನ್ನೊಂದು ಮನೆ ಎದ್ದ ದಿನ ಅಂಚೆಯವನು ದಾರಿ ತಪ್ಪುತ್ತಾನೆ. ಮನೆಗೆ ಹಸಿರು ಬಣ್ಣ ಬಳಿದರೂ ಅದೇ ಗತಿ. ಬಾಗಿಲಿನ ಮೇಲೆ ಹೆಸರಿನ ಫಲಕವಿದ್ದರೆ ಈ ಗೊಂದಲವಿಲ್ಲ. ಪುಟದಲ್ಲಿಯೂ “ಮೂರನೆಯ ಚೌಕದೊಳಗಿನ ಎರಡನೆಯ ಗುಂಡಿ” ಎಂದು ಹುಡುಕುವುದು ಅಪಾಯಕರ. ಗುಂಡಿಯ ಮೇಲೆ ಬಳಕೆದಾರನು ಓದುವ ಹೆಸರಿನಿಂದಲೋ, ಪರೀಕ್ಷೆಗೆಂದೇ ಅಂಟಿಸಿದ ಪ್ರತ್ಯೇಕ ಗುರುತಿನಿಂದಲೋ ಅದನ್ನು ಕಂಡುಹಿಡಿಯುವುದು ಬಾಳಿಕೆಯ ಮಾರ್ಗ.

ಮೂರನೆಯದು ಕಾಯುವ ಕಲೆ. ಜಾಲಪುಟವು ಒಮ್ಮೆಗೇ ಮೂಡುವುದಿಲ್ಲ. ದೂರದ ಯಂತ್ರದಿಂದ ಉತ್ತರ ಬಂದಂತೆಲ್ಲ ತುಣುಕು ತುಣುಕಾಗಿ ತುಂಬಿಕೊಳ್ಳುತ್ತದೆ. ಅವಸರದ ಪರೀಕ್ಷಕನು ಇನ್ನೂ ಮೂಡದ ಗುಂಡಿಯನ್ನು ಒತ್ತಲು ಹೋಗಿ ಎಡವುತ್ತಾನೆ. ಇದಕ್ಕೆ ಕೆಲವರು “ಐದು ಸೆಕೆಂಡು ಸುಮ್ಮನಿರು” ಎಂಬ ಆಜ್ಞೆಯನ್ನು ಅಲ್ಲಲ್ಲಿ ತುರುಕುತ್ತಾರೆ. ಹಾಲನ್ನು ಒಲೆಯ ಮೇಲಿಟ್ಟು ಗಡಿಯಾರವನ್ನು ನೋಡುತ್ತ ಕುಳಿತಂತೆ ಇದು. ಒಲೆಯ ಉರಿ ಹೆಚ್ಚಾದ ದಿನ ಹಾಲು ಉಕ್ಕಿಹೋಗುತ್ತದೆ, ಕಡಿಮೆಯಾದ ದಿನ ಕಾದೇ ಇರುವುದಿಲ್ಲ. ಬಲ್ಲವರು ಗಡಿಯಾರವನ್ನಲ್ಲ, ಹಾಲನ್ನು ನೋಡುತ್ತಾರೆ. ಸೆಲೆನಿಯಮ್ಮಿನಲ್ಲಿ ಇದಕ್ಕೆ ವ್ಯವಸ್ಥೆಯಿದೆ: ಬೇಕಾದ ಸ್ಥಿತಿಯು ಒದಗಿತೇ ಎಂದು ಸಾಮಾನ್ಯವಾಗಿ ಅರ್ಧ ಸೆಕೆಂಡಿಗೊಮ್ಮೆ ಇಣುಕಿ ನೋಡುತ್ತ, ಒದಗಿದ ಕೂಡಲೇ ಮುಂದುವರಿಯುವುದು. ಪ್ಲೇರೈಟ್ ಕೇಳದೆಯೇ ಹೀಗೆ ಕಾಯುತ್ತದೆ. ಕಾಯುವುದನ್ನು ಅರಿಯದ ಪರೀಕ್ಷೆಯು ಒಮ್ಮೆ ಹಸಿರು, ಏನೂ ಬದಲಾಗದಿದ್ದರೂ ಇನ್ನೊಮ್ಮೆ ಕೆಂಪು ತೋರಿಸುತ್ತದೆ. ಇಂತಹ ಚಂಚಲತೆಗೆ ಕಾರಣಗಳು ಇನ್ನೂ ಹಲವಿವೆ. ದೊಡ್ಡವರನ್ನೂ ಅದು ಬಿಟ್ಟಿಲ್ಲ. ೨೦೧೬ರಲ್ಲಿ ಗೂಗಲ್ ಸಂಸ್ಥೆಯೇ ತನ್ನ ಪರೀಕ್ಷೆಗಳಲ್ಲಿ ಶೇಕಡ ೧೬ರಷ್ಟು ಒಂದಲ್ಲ ಒಂದು ಪ್ರಮಾಣದಲ್ಲಿ ಚಂಚಲವಾಗಿವೆ ಎಂದು ತಿಳಿಸಿತ್ತು.

ನಾಲ್ಕನೆಯ ಸೂತ್ರವನ್ನು ಊಟದ ಪಂಕ್ತಿಯಿಂದ ಕಲಿಯಬಹುದು. ಪ್ರತಿಯೊಬ್ಬ ಅತಿಥಿಗೂ ಹೊಸ ಬಾಳೆಯೆಲೆ. ಹಿಂದಿನವನು ಉಂಡ ಎಲೆಯಲ್ಲಿ ಮುಂದಿನವನಿಗೆ ಬಡಿಸುವ ಪದ್ಧತಿ ಯಾವ ಮನೆಯಲ್ಲಿಯೂ ಇಲ್ಲ. ಒಂದು ಪರೀಕ್ಷೆಯು ಸೃಷ್ಟಿಸಿಟ್ಟ ಖಾತೆಯನ್ನು ನಂಬಿ ಇನ್ನೊಂದು ಪರೀಕ್ಷೆಯು ಆರಂಭವಾದರೆ, ಮೊದಲನೆಯದು ಮುಗ್ಗರಿಸಿದಾಗ ಎರಡನೆಯದೂ ಬೀಳುತ್ತದೆ. ತಪ್ಪು ಯಾರದೆಂದು ತಿಳಿಯದೆ ಹೋಗುತ್ತದೆ. ಪ್ರತಿಯೊಂದು ಪರೀಕ್ಷೆಯೂ ತನಗೆ ಬೇಕಾದ ಸಾಮಗ್ರಿಯನ್ನು ತಾನೇ ಅಣಿಮಾಡಿಕೊಂಡು ಆರಂಭವಾಗಬೇಕು.

ಮಾದರಿಗಳಿವೆಯೆಂದು ಎಲ್ಲವನ್ನೂ ಬ್ರೌಸರಿನ ಮೂಲಕವೇ ಪರೀಕ್ಷಿಸ ಹೊರಡುವುದೂ ವಿವೇಕವಲ್ಲ. ಮೈಕ್ ಕೋನ್ ಎಂಬವರು ೨೦೦೯ರ ತಮ್ಮ ಪುಸ್ತಕದಲ್ಲಿ ಪರೀಕ್ಷೆಗಳನ್ನು ಗೋಪುರಾಕಾರದಲ್ಲಿ ಕಲ್ಪಿಸಿದರು. ತಳದಲ್ಲಿ ಕ್ರಮಲೇಖನದ ಚಿಕ್ಕಪುಟ್ಟ ಭಾಗಗಳ ವೇಗದ ಪರೀಕ್ಷೆಗಳು, ಬಹುಸಂಖ್ಯೆಯಲ್ಲಿ. ನಡುವೆ ಸೇವೆಗಳ ಪರೀಕ್ಷೆಗಳು. ತುದಿಯಲ್ಲಿ, ಕೆಲವೇ ಕೆಲವು, ಬ್ರೌಸರಿನ ಪರೀಕ್ಷೆಗಳು. ಬಡ್ಡಿಯ ಲೆಕ್ಕ ಸರಿಯೇ ಎಂದು ನೋಡಲು ಬ್ರೌಸರು ಬೇಕಿಲ್ಲ. ಬಳಕೆದಾರನು ಬಾಗಿಲಿನಿಂದ ಹಿತ್ತಲವರೆಗೆ ಅಡ್ಡಿಯಿಲ್ಲದೆ ನಡೆದುಹೋಗಬಲ್ಲನೇ ಎಂದು ನೋಡಲು ಮಾತ್ರ ಅದು ಬೇಕು.

ಮಾದರಿಗಳಿಗೂ ವಯಸ್ಸಾಗುವುದುಂಟು. ದೊಡ್ಡ ಪುಟವೊಂದರ ಪ್ರತಿನಿಧಿಯು ಎಲ್ಲ ಕೆಲಸಗಳನ್ನೂ ಹೊತ್ತು ಊದಿಕೊಂಡರೆ, ಆತನ ಹೊರೆಯನ್ನು ಚಿಕ್ಕ ಚಿಕ್ಕ ಭಾಗಗಳಿಗೆ ಹಂಚಬೇಕಾಗುತ್ತದೆ. ಸ್ಕ್ರೀನ್‌ಪ್ಲೇ ಎಂಬ ಮಾದರಿಯಲ್ಲಿ ಪುಟಕ್ಕೆ ಬದಲಾಗಿ ಪಾತ್ರಧಾರಿಯೇ ಪ್ರಧಾನ: ಯಾರು, ಯಾವ ಸಾಮರ್ಥ್ಯದಿಂದ, ಯಾವ ಕಾರ್ಯವನ್ನು ಸಾಧಿಸುತ್ತಾರೆ ಎಂಬ ಕ್ರಮದಲ್ಲಿ ಪರೀಕ್ಷೆ ಸಾಗುತ್ತದೆ. ಆದರೆ ಹತ್ತು ಪರೀಕ್ಷೆಗಳ ಚಿಕ್ಕ ಸಂಸಾರಕ್ಕೆ ಇಷ್ಟು ದೊಡ್ಡ ನಾಟಕಮಂಡಲಿಯ ಅವಶ್ಯಕತೆಯಿಲ್ಲ.

ಪರೀಕ್ಷೆಯು ದೋಷವಿದೆಯೆಂದು ತೋರಿಸಬಲ್ಲುದೇ ಹೊರತು ದೋಷವೇ ಇಲ್ಲವೆಂದು ಸಾಧಿಸಲಾರದು ಎಂಬುದು ಹಾಲೆಂಡಿನ ವಿಜ್ಞಾನಿ ಡೈಕ್‌ಸ್ಟ್ರಾ ಅವರ ಪ್ರಸಿದ್ಧ ಅಭಿಪ್ರಾಯ. ಆದುದರಿಂದ ಹಸಿರು ಗುರುತನ್ನು ಕಂಡು ಬೀಗುವುದಕ್ಕಿಂತ, ಕೆಂಪು ಗುರುತಿನ ಮಾತನ್ನು ನಂಬುವಂತಿರಿಸಿಕೊಳ್ಳುವುದೇ ಹೆಚ್ಚಿನದು. ಅದು ಕಂಡಾಗ “ಇದರಲ್ಲಿ ಏನೋ ಇದೆ” ಎಂದು ತಂತ್ರಜ್ಞನು ಕೈಯಲ್ಲಿದ್ದ ಕಾಫಿಯ ಲೋಟವನ್ನು ಕೆಳಗಿಟ್ಟು ಏಳುವಂತಿದ್ದರೆ, ಕೊನೆಯ ದಿನ ಶುಲ್ಕ ಕಟ್ಟುವ ವಿದ್ಯಾರ್ಥಿಯು ಅದರ ಸುದ್ದಿಯನ್ನೇ ಅರಿಯದೆ, ರಶೀದಿ ಪಡೆದು, ಓದಲು ಕುಳಿತಿರುತ್ತಾನೆ.