ದಾರಿ ತಪ್ಪಿದವರು ಯಾರು?

ಗೊರಿಲ್ಲ, ಚಿಂಪಾಂಜಿ, ಒರಾಂಗುಟಾನ್ ಮೊದಲಾದ ದೊಡ್ಡ ವಾನರಗಳು ನಮ್ಮ ದೇಶದ ಕಾಡುಗಳಲ್ಲಿಲ್ಲ. ಆದರೂ ಅವುಗಳ ಸಂಕಟ ನಮಗೆ ಸಂಬಂಧಿಸಿದ್ದಲ್ಲವೆಂದು ಸುಮ್ಮನಿರಲಾಗದು.

ಸುಮಾತ್ರ, ಬೋರ್ನಿಯೋ ದ್ವೀಪಗಳಲ್ಲಿ ತಾಳೆಯೆಣ್ಣೆಯ ತೋಟಗಳಿಗಾಗಿ ಕಾಡು ಕಡಿದಂತೆಲ್ಲ ಒರಾಂಗುಟಾನ್ ನೆಲೆಗೆಡುತ್ತಿದೆ. ತಾಯಿ ಏಳೆಂಟು ವರ್ಷಕ್ಕೊಮ್ಮೆ ಮಾತ್ರ ಹೆರುವುದರಿಂದ ಅಳಿದುದರ ಸ್ಥಾನ ತುಂಬುವುದು ಬಹು ನಿಧಾನ. 2017ರಲ್ಲಿ ಪ್ರತ್ಯೇಕ ಪ್ರಭೇದವೆಂದು ಗುರುತಿಸಲಾದ ತಪನುಲಿ ಒರಾಂಗುಟಾನ್‌ಗಳು 800ಕ್ಕೂ ಕಡಮೆ. ಆ ಎಣ್ಣೆಯನ್ನು ಅತ್ಯಧಿಕವಾಗಿ ತರಿಸಿಕೊಳ್ಳುವ ದೇಶ ನಮ್ಮದೇ. ನಾವು ಪಡಿತರದಲ್ಲಿ ತರುವ ಪಾಮೋಲಿನ್ ತಾಳೆಯೆಣ್ಣೆಯೇ.

ಇನ್ನು ನಮ್ಮ ಹೊಸೂರು ಸೀಮೆಯನ್ನು ನೋಡೋಣ. ಬನ್ನೇರುಘಟ್ಟದಿಂದ ಜವಳಗಿರಿ, ತಳಿ, ಡೆಂಕಣಿಕೋಟೆಗಳತ್ತ ಆನೆಗಳು ತಲೆತಲಾಂತರದಿಂದ ನಡೆದ ದಾರಿ ಇಂದು ಬಡಾವಣೆ, ಕಲ್ಲುಗಣಿ, ರಸ್ತೆಗಳಿಂದ ತುಂಡಾಗಿದೆ. ರಾಗಿ ಕೊಯ್ಲಿನ ಕಾಲಕ್ಕೆ ಅವು ಹೊಲಕ್ಕಿಳಿಯುತ್ತವೆ. ಬೆಳೆಯೊಡನೆ ಕೆಲವೊಮ್ಮೆ ರೈತನ ಪ್ರಾಣವೂ ಹೋಗುತ್ತದೆ. ವಿದ್ಯುತ್ ಬೇಲಿಗೆ ತಗುಲಿ ಆನೆಯೂ ಸಾಯುತ್ತದೆ.

2014ರಲ್ಲಿ ಕಾವೇರಿ ಉತ್ತರ, 2022ರಲ್ಲಿ ಕಾವೇರಿ ದಕ್ಷಿಣ ವನ್ಯಜೀವಿಧಾಮಗಳು ಘೋಷಿತವಾದುವು. ಸಂತೋಷ. ಆದರೆ ಒಂದು ಕಾಡಿನಿಂದ ಇನ್ನೊಂದಕ್ಕೆ ದಾರಿಯಿರದಿದ್ದರೆ ಧಾಮವೂ ಒಂದು ದೊಡ್ಡಿಯೇ. ಬೆಳೆ ಕಳೆದುಕೊಂಡ ರೈತನಿಗೆ ಪರಿಹಾರ ಬೇಗ ಸಲ್ಲಲಿ. ಆನೆಯನ್ನು ಕಳ್ಳನೆನ್ನುವ ಮುನ್ನ, ಅದರ ದಾರಿಯಲ್ಲಿ ನಿವೇಶನ ಕೊಂಡವರು ಯಾರೆಂದು ನಮ್ಮನ್ನು ನಾವೇ ಕೇಳಿಕೊಳ್ಳೋಣ.